ಕೂದಲೆಳೆಗಿಂತ ತೆಳುವಾದ ಬಂಡೆ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು ಇದೆ. ಅದರ ತುಂಬ ಕಲ್ಲುಗಳು. ವರ್ಷ ವರ್ಷವೂ ಮಕ್ಕಳು ಹೊಲದಿಂದ, ಹಳ್ಳದಿಂದ, ಗುಡ್ಡದ ಬುಡದಿಂದ ಆರಿಸಿ ತಂದುಕೊಟ್ಟವು. ಹಾಲಿನಂತೆ ಬೆಳ್ಳಗಿನ ಬೆಣಚುಕಲ್ಲು, ಉಗುರಿನಿಂದ ಪದರ ಪದರವಾಗಿ ಬಿಡಿಸಬಹುದಾದ ಕಾಗೆಬಂಗಾರ, ಮುಟ್ಟಿದರೆ ಕೈಗೆ ಕೆಂಪು ಅಂಟಿಸುವ ಸಂಡೂರಿನ ಅದಿರು, ಗುಂಡಿನಂತೆ ಭಾರವಾದ ಕರಿಕಲ್ಲು. ತಪಾಸಣೆಗೆ ಬಂದ ಅಧಿಕಾರಿಗಳು ಆ ಬೀರುವನ್ನು ನೋಡಿ ಮೆಚ್ಚಿಕೊಂಡಿದ್ದಾರೆ. ನಾನೂ ಹೆಮ್ಮೆಪಟ್ಟಿದ್ದೇನೆ. ಆ ಹೆಮ್ಮೆ ಹೇಗೆ ಇಳಿಯಿತು ಎಂದು ಹೇಳುವುದಕ್ಕೇ ಈ ಲೇಖನ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಕಲ್ಲಿಗೆ ಬರವಿಲ್ಲ. ಇಲ್ಲಿಯ ದೇವರ ಹೆಸರಿನಲ್ಲೇ ಬಂಡೆ ಇದೆ: ಬಂಡೆ ರಂಗನಾಥ. ಒಮ್ಮೆ ಎಂಟನೆಯ ತರಗತಿಯಲ್ಲಿ ಶಿಲೆಗಳ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನಮ್ಮೂರ ಬಂಡೆ ಒಳಗ ಏನೈತಿ? ಅದಕ್ಕ ಎಷ್ಟು ವಯಸ್ಸು?” ಎಂದು ಕೇಳಿದಳು. ಪುಸ್ತಕದಲ್ಲಿದ್ದ ಉತ್ತರವನ್ನೇ ಕೊಟ್ಟೆ. “ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಇರುತ್ತವೆ. ಬಹಳ ಹಳೆಯ ಕಲ್ಲು.” ಹುಡುಗಿ ಕೂರಲಿಲ್ಲ. “ನೀವು ನೋಡೀರೇನು ಸರ್?”

ನಾನು ನೋಡಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಕಲ್ಲಿನ ಒಳಚಿತ್ರವನ್ನು ಕರಿಹಲಗೆ ನೋಡಿ ಬರೆದುಕೊಂಡಿದ್ದೆ, ಅಷ್ಟೆ. ನಮ್ಮ ಶಾಲೆಯಲ್ಲಿ ಓದಿದ ಹುಡುಗನೊಬ್ಬ ಆಗ ಒಂದು ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದ. ಅವನಿಗೆ ಫೋನು ಮಾಡಿ, ರಜೆಯಲ್ಲಿ ಬೀರುವಿನಿಂದ ಚೆನ್ನಾಗಿ ಕಂಡ ಹದಿನಾಲ್ಕು ಕಲ್ಲುಗಳನ್ನು ಕೈಚೀಲದಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ.

ಕಲ್ಲು ಬೇರೆ, ಸ್ಯಾಂಪಲ್ ಬೇರೆ

ವಿಭಾಗದ ಹಿಂಬದಿಯ ಉದ್ದನೆಯ ಕೊಠಡಿಯಲ್ಲಿ ಕಲ್ಲು ಕೊಯ್ಯುವ, ಒಡೆಯುವ, ತಿಕ್ಕುವ ಯಂತ್ರಗಳಿದ್ದವು. ಅಲ್ಲಿಯ ಸಹಾಯಕರು ನಿವೃತ್ತಿಗೆ ಹತ್ತಿರವಾದವರು. ಮೂವತ್ತು ವರ್ಷ ಅದೇ ಕೊಠಡಿಯಲ್ಲಿ ಕಳೆದವರು. ನಾನು ಮೇಜಿನ ಮೇಲೆ ಸುರಿದ ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. “ಇದು ಎಲ್ಲಿಯದು ಮೇಷ್ಟ್ರೇ?” ಎಂದರು. ನನಗೆ ಗೊತ್ತಿರಲಿಲ್ಲ. “ಬಂಡೆಯಿಂದ ಒಡೆದದ್ದೋ, ನೆಲದ ಮೇಲೆ ಬಿದ್ದಿದ್ದೋ?” ಗೊತ್ತಿರಲಿಲ್ಲ. “ಯಾವಾಗ ತಂದದ್ದು, ಯಾರು ತಂದದ್ದು?” ಅದೂ ಗೊತ್ತಿರಲಿಲ್ಲ. ಹದಿನಾಲ್ಕನ್ನೂ ಅವರು ಮೆಲ್ಲಗೆ ನನ್ನ ಚೀಲಕ್ಕೇ ಹಾಕಿದರು.

“ಇವು ಕಲ್ಲು ಖರೆ ಮೇಷ್ಟ್ರೇ. ಸ್ಯಾಂಪಲ್ ಅಲ್ಲ.”

ಆಮೇಲೆ ಬೇಸರ ಮಾಡಿಕೊಳ್ಳದೆ ವಿವರಿಸಿದರು. ನೆಲದ ಮೇಲೆ ಬಿದ್ದ ಕಲ್ಲು ಎಲ್ಲಿಂದಲೋ ಉರುಳಿ ಬಂದಿರಬಹುದು, ಹಳ್ಳದಲ್ಲಿ ತೇಲಿ ಬಂದಿರಬಹುದು, ರಸ್ತೆ ಮಾಡುವ ಲಾರಿಯಿಂದ ಬಿದ್ದಿರಬಹುದು. ಅದನ್ನು ಪರೀಕ್ಷಿಸಿ ‘ತಂಬ್ರಹಳ್ಳಿಯ ಬಂಡೆ ಹೀಗಿದೆ’ ಎಂದರೆ ಸುಳ್ಳು ಹೇಳಿದಂತೆ. ಇನ್ನು ಬಿಸಿಲು, ಮಳೆ, ಗಾಳಿಗೆ ಸಿಕ್ಕ ಕಲ್ಲಿನ ಹೊರಮೈ ತನ್ನ ಗುಣವನ್ನೇ ಕಳೆದುಕೊಂಡಿರುತ್ತದೆ. ಫೆಲ್ಡ್‌ಸ್ಪಾರ್ ಶಿಥಿಲವಾಗಿ ಜೇಡಿಯಾಗುತ್ತದೆ, ಕಪ್ಪು ಅಭ್ರಕದಲ್ಲಿದ್ದ ಕಬ್ಬಿಣ ತುಕ್ಕಾಗುತ್ತದೆ. ಒಳಗಿನ ತಾಜಾ ಕಲ್ಲು ಬೇಕಾದರೆ ಸುತ್ತಿಗೆಯಿಂದ ಆ ಸಿಪ್ಪೆಯನ್ನು ಒಡೆದು ತೆಗೆಯಲೇಬೇಕು. ತೆಗೆದ ಮುಷ್ಟಿ ಗಾತ್ರದ ತುಂಡಿಗೆ ಅಲ್ಲೇ ನಿಂತು ಬಣ್ಣದಲ್ಲಿ ಸಂಖ್ಯೆ ಬರೆಯಬೇಕು. ಅದೇ ಸಂಖ್ಯೆ ಚೀಲದ ಮೇಲೆ, ಅದೇ ಸಂಖ್ಯೆ ಟಿಪ್ಪಣಿ ಪುಸ್ತಕದಲ್ಲಿ. ಪಟ್ಟೆಪಟ್ಟೆಯಾಗಿರುವ ನೈಸ್‌ನಂಥ ಶಿಲೆಯಾದರೆ, ಯಾವ ಕಡೆ ಉತ್ತರ, ಯಾವ ಮುಖ ಮೇಲಿತ್ತು ಎಂದು ಬಾಣದ ಗುರುತೂ ಹಾಕಬೇಕು.

ಈ ಶಿಸ್ತು ನಮ್ಮ ಸೀಮೆಗೆ ಹೊಸದಲ್ಲ. 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ರಾಬರ್ಟ್ ಬ್ರೂಸ್ ಫುಟ್ ಬಳ್ಳಾರಿ ಜಿಲ್ಲೆಯನ್ನೆಲ್ಲ ಸುತ್ತಿ 1895ರಲ್ಲಿ ಅದರ ಭೂರಚನೆಯ ಬಗ್ಗೆ ದೊಡ್ಡ ವರದಿ ಪ್ರಕಟಿಸಿದರು. ಸಂಡೂರಿನ ಬೆಟ್ಟಸಾಲು, ಧಾರವಾಡದ ಶಿಲೆಗಳು ಒಂದೇ ವರ್ಗಕ್ಕೆ ಸೇರಿದವು ಎಂದು ಗುರುತಿಸಿ ‘ಧಾರವಾಡ’ ಎಂಬ ಹೆಸರನ್ನು ಲೋಕದ ಭೂವಿಜ್ಞಾನಕ್ಕೆ ಕೊಟ್ಟವರೂ ಅವರೇ. ಅಂಥ ವರದಿಯನ್ನು ಇಂದಿಗೂ ತೆರೆದು ನೋಡಬಹುದಾಗಿರುವುದು, ಯಾವ ಕಲ್ಲು ಯಾವ ಊರಿನ ಯಾವ ದಿಕ್ಕಿನದು ಎಂದು ಬರೆದಿಟ್ಟಿರುವುದರಿಂದ.

ಎರಡನೆಯ ಸಲ ಹೋದಾಗ ನಾನು ಒಂದೇ ಕಲ್ಲು ಒಯ್ದೆ. ದೇವರ ಬಂಡೆಗೆ ಸುತ್ತಿಗೆ ತಾಗಿಸಲಿಲ್ಲ. ಊರ ಹೊರಗೆ ಹೊಲವೊಂದರಲ್ಲಿ ಬಾವಿ ತೋಡುತ್ತಿದ್ದರು. ಮಣ್ಣು ಮುಗಿದು ಗಟ್ಟಿ ಬಂಡೆ ಸಿಕ್ಕಿತ್ತು. ರೈತರನ್ನು ಕೇಳಿ, ಬಾವಿಯ ಗೋಡೆಯಿಂದಲೇ ಒಂದು ತುಂಡು ಒಡೆಸಿಕೊಂಡೆ. ಅಳತೆ ಹಗ್ಗ ಇಳಿಬಿಟ್ಟು ಆಳ ಬರೆದುಕೊಂಡೆ. ಪ್ರಶ್ನೆ ಕೇಳಿದ ಹುಡುಗಿಯೇ ಕಲ್ಲಿನ ಮೇಲೆ ಬಿಳಿ ಬಣ್ಣ ಬಳಿದು ‘ತಂ–1’ ಎಂದು ಬರೆದಳು.

ವಜ್ರದ ಗರಗಸ

ಕಲ್ಲಿನ ಒಳಗನ್ನು ನೋಡಬೇಕಾದರೆ ಅದರ ಮೂಲಕ ಬೆಳಕು ಹಾಯಬೇಕು. ಕಲ್ಲಿನ ಮೂಲಕ ಬೆಳಕೇ ಎಂದು ಕೇಳಬೇಡಿ. ಗ್ರಾನೈಟನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಮಾಡಿದರೆ ಅದು ಗಾಜಿನಂತೆ ಪಾರದರ್ಶಕವಾಗುತ್ತದೆ. ಅಂಥ 33 ಹಾಳೆಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್. ನಮ್ಮ ತಲೆಕೂದಲು ಸಾಮಾನ್ಯವಾಗಿ ಇದರ ಎರಡು ಪಟ್ಟು ದಪ್ಪ! ಈ ಹಾಳೆಗೆ ‘ತೆಳುಛೇದ’ ಎಂದು ಹೆಸರು.

ಈ ಯೋಚನೆಯನ್ನು ಶಿಲೆಗಳ ಅಧ್ಯಯನಕ್ಕೆ ಗಟ್ಟಿಯಾಗಿ ಬಳಸಿದವರು ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹೆನ್ರಿ ಕ್ಲಿಫ್ಟನ್ ಸೋರ್ಬಿ. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1858ರಲ್ಲಿ. ಬೆಟ್ಟವನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು ಹೊರಟವನು ಎಂದು ಜನ ನಕ್ಕರಂತೆ. ಇಂದು ಜಗತ್ತಿನ ಯಾವ ಭೂವಿಜ್ಞಾನ ವಿಭಾಗವೂ ತೆಳುಛೇದವಿಲ್ಲದೆ ಪಾಠ ಮಾಡುವುದಿಲ್ಲ.

ನಮ್ಮ ‘ತಂ–1’ ಮೊದಲು ಗರಗಸಕ್ಕೆ ಹೋಯಿತು. ಈ ಗರಗಸಕ್ಕೆ ಹಲ್ಲುಗಳಿಲ್ಲ. ಲೋಹದ ದುಂಡು ತಟ್ಟೆ, ಅದರ ಅಂಚಿನಲ್ಲಿ ವಜ್ರದ ಸಣ್ಣ ಹರಳುಗಳನ್ನು ಬೆಸೆದಿರುತ್ತಾರೆ. ಜರ್ಮನಿಯ ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಕಾಠಿಣ್ಯದ ಮೆಟ್ಟಿಲುಗಳು ನಿಮಗೆ ನೆನಪಿರಬಹುದು. ಬಳಪದ ಕಲ್ಲಿನ ಮೂಲವಾದ ಟಾಲ್ಕ್ 1, ಬೆಣಚು 7, ವಜ್ರ 10. ಮೇಲಿನದು ಕೆಳಗಿನದನ್ನು ಗೀಚುತ್ತದೆ. ಹಾಗಾಗಿ ಈ ಗರಗಸ ಕಲ್ಲನ್ನು ಕೊಯ್ಯುವುದಿಲ್ಲ, ವೇಗವಾಗಿ ಸವೆಸುತ್ತದೆ. ಸವೆಯುವಾಗ ಏಳುವ ಬಿಸಿ ಅಪಾರ. ಅದಕ್ಕೆ ತಟ್ಟೆಯ ಮೇಲೆ ಸತತವಾಗಿ ನೀರು ಸುರಿಯುತ್ತಿರುತ್ತದೆ.

ನೀರಿಗೆ ಇನ್ನೂ ಒಂದು ಕೆಲಸವಿದೆ. ಅದೇ ಮುಖ್ಯವಾದದ್ದು ಎಂದು ಸಹಾಯಕರು ಹೇಳಿದರು. ಬೆಣಚಿನ ದೂಳು ಕಣ್ಣಿಗೆ ಕಾಣದಷ್ಟು ನವಿರಾದಾಗ ಮೂಗು, ಗಂಟಲು ದಾಟಿ ನೇರವಾಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅಲ್ಲಿ ಗಾಯ ಮಾಡಿ, ಗಾಯ ಗಂಟಾಗಿ, ಉಸಿರಾಡುವ ಜಾಗವನ್ನು ತುಂಬುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ವಾಸಿ ಮಾಡುವ ಮದ್ದಿಲ್ಲ. ತಡೆಯುವುದೊಂದೇ ದಾರಿ. 1948ರ ಕಾರ್ಖಾನೆ ಕಾಯ್ದೆಯಲ್ಲಿ ಇದನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದರು. ಒದ್ದೆ ಮಾಡಿದ ದೂಳು ಹಾರುವುದಿಲ್ಲ, ಕೆಸರಾಗಿ ಕೆಳಗಿಳಿಯುತ್ತದೆ. “ನಾ ಸೇರಿದ ಹೊಸದರಾಗ ಒಣಗಲ್ಲೇ ಪುಡಿ ಮಾಡತಿದ್ದೆ. ಮೂಗಿಗೆ ಟವೆಲ್ ಕಟ್ಟಿದರೆ ಮುಗೀತು ಅಂದ್ಕೊಂಡಿದ್ದೆ” ಎಂದು ಅವರು ಕೆಮ್ಮಿದರು. ಆ ಕೆಮ್ಮಿನ ಕಾರಣ ಏನೆಂದು ನಾನು ಕೇಳಲಿಲ್ಲ. ಟವೆಲ್ಲಿನ ಎಳೆಗಳ ನಡುವಿನ ಸಂದಿ ಆ ದೂಳಿಗೆ ಹೆಬ್ಬಾಗಿಲಿದ್ದಂತೆ. ಜಲ್ಲಿ ಕ್ರಷರ್‌ಗಳಲ್ಲಿ ದುಡಿಯುವ ನಮ್ಮ ಊರುಗಳ ಜನ ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಪಾಕ ಕಟ್ಟುವ ವಿದ್ಯೆ

ಗರಗಸದಿಂದ ಬಿಸ್ಕತ್ತಿನ ಗಾತ್ರದ ಒಂದು ಬಿಲ್ಲೆ ಹೊರಬಂತು. ಇನ್ನು ಅದರ ಒಂದು ಮುಖವನ್ನು ಕನ್ನಡಿಯಂತೆ ಸಮತಟ್ಟು ಮಾಡಬೇಕು. ದಪ್ಪ ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ, ಸ್ವಲ್ಪ ನೀರು, ಅದರ ಮೇಲೆ ಬಿಲ್ಲೆ. ಎರಡು ಬೆರಳಿನಿಂದ ಒತ್ತಿ ಇಂಗ್ಲಿಷಿನ 8ರ ಆಕಾರದಲ್ಲಿ ತಿಕ್ಕುತ್ತ ಹೋಗಬೇಕು. ಸುಮ್ಮನೆ ಹಿಂದೆ ಮುಂದೆ ಎಳೆದರೆ ಒಂದು ಅಂಚು ಹೆಚ್ಚು ಸವೆಯುತ್ತದೆ.

ಕಾರ್ಬೊರಂಡಮ್ ಎಂದರೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಕೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಇದನ್ನು ತಯಾರಿಸಿದರು. ಬೆಣಚಿಗಿಂತ ಗಟ್ಟಿ, ವಜ್ರಕ್ಕಿಂತ ಮೆದು. ಮೊದಲು 220ನೇ ನಂಬರಿನ ತರಿ ಪುಡಿ, ಆಮೇಲೆ 400, ಆಮೇಲೆ 600. ನಂಬರು ಏರಿದಂತೆ ಪುಡಿ ನಯವಾಗುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬಿಲ್ಲೆಯನ್ನೂ ಬೆರಳನ್ನೂ ಉಗುರಿನ ಸಂದಿಯನ್ನೂ ತೊಳೆದುಕೊಳ್ಳಬೇಕು. 220ರ ಒಂದೇ ಒಂದು ಕಾಳು 600ರೊಳಗೆ ಬೆರೆತರೆ ಗಂಟೆಯ ಶ್ರಮ ಗೀರು ಬಿದ್ದು ಹಾಳಾಗುತ್ತದೆ. ನಾನು ಕೈ ಹಾಕಿದಾಗ ಆದದ್ದೂ ಅದೇ. ಉಗುರು ತೊಳೆದಿರಲಿಲ್ಲ! ಅವರು ಏನೂ ಅನ್ನದೆ ಬಿಲ್ಲೆಯನ್ನು ಮತ್ತೆ 400ಕ್ಕೆ ಇಳಿಸಿದರು.

ನಯವಾದ ಮುಖವನ್ನು ಈಗ ಗಾಜಿನ ಸ್ಲೈಡಿಗೆ ಅಂಟಿಸಬೇಕು. ಇತ್ತೀಚೆಗೆ ಇದಕ್ಕೆ ಎಪಾಕ್ಸಿ ಅಂಟು ಬಳಸುತ್ತಾರೆ. ಹಿಂದಿನಿಂದ ಬಂದದ್ದು ಕೆನಡಾ ಬಾಲ್ಸಮ್. ಉತ್ತರ ಅಮೆರಿಕದ ಒಂದು ಜಾತಿಯ ಫರ್ ಮರದ ಅಂಟು ಅದು. ಅದನ್ನೇ ಏಕೆ ಆರಿಸಿದರು? ಅದರ ವಕ್ರೀಭವನಾಂಕ ಸುಮಾರು 1.54, ಬೆಣಚಿನದೂ ಹೆಚ್ಚುಕಡಿಮೆ ಅಷ್ಟೇ. ಬೆಳಕು ಕಲ್ಲಿನಿಂದ ಅಂಟಿಗೆ, ಅಂಟಿನಿಂದ ಗಾಜಿಗೆ ಹೆಚ್ಚೇನೂ ಬಾಗದೆ ದಾಟುತ್ತದೆ. ಅಂಟು ಇದೆಯೆಂದೇ ಕಣ್ಣಿಗೆ ತೋರುವುದಿಲ್ಲ.

ಆದರೆ ಬಾಲ್ಸಮನ್ನು ಹದವಾಗಿ ಕಾಯಿಸಬೇಕು. ಕಡಿಮೆ ಕಾದರೆ ಜಿಗುಟಾಗಿ ಉಳಿದು ಕಲ್ಲು ಜಾರುತ್ತದೆ. ಹೆಚ್ಚು ಕಾದರೆ ಪೆಡಸಾಗಿ ಬಿರಿಯುತ್ತದೆ. ಸಹಾಯಕರು ಸೂಜಿಯ ತುದಿಯಲ್ಲಿ ಒಂದು ಹನಿ ಎತ್ತಿ ಆರಿಸಿ ಉಗುರಿನಿಂದ ಒತ್ತಿ ನೋಡಿದರು. ನನಗೆ ಪಂಚಮಿ ಹಬ್ಬಕ್ಕೆ ಶೇಂಗಾ ಉಂಡೆಗೆ ಬೆಲ್ಲದ ಪಾಕ ಹಿಡಿಯುವ ನಮ್ಮ ತಾಯಿ ನೆನಪಾದರು. ನೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು, ಬೆರಳಿನಲ್ಲಿ ಹೊರಳಿಸಿ, ‘ಆತು, ಇಳಸು’ ಎನ್ನುತ್ತಿದ್ದರು. ಇಲ್ಲಿಯೂ ಥರ್ಮಾಮೀಟರಿಗಿಂತ ಬೆರಳನ್ನೇ ನಂಬುತ್ತಾರೆ.

ಅಂಟಿಸಿದ ಮೇಲೆ ಬಿಲ್ಲೆಯ ಬಹುಭಾಗವನ್ನು ಯಂತ್ರದಲ್ಲಿ ಕೊಯ್ದು ತೆಗೆದರು. ಉಳಿದದ್ದನ್ನು ಮತ್ತೆ ಸವೆಸುತ್ತ ಹೋದರು. ಕೊನೆಯ ಹಂತದಲ್ಲಿ ಯಂತ್ರ ನಿಲ್ಲಿಸಿ ಕೈಯಿಂದಲೇ ತಿಕ್ಕಿದರು. 0.03 ಮಿಲಿಮೀಟರ್ ಆಯಿತು ಎಂದು ತಿಳಿಯುವುದು ಹೇಗೆ? ಅಳತೆಪಟ್ಟಿ ಬೇಕಿಲ್ಲ, ಬೆಣಚೇ ಅಳತೆಗೋಲು! ಎರಡು ಧ್ರುವೀಕಾರಕಗಳ ನಡುವೆ ಇಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ತೆಳುಛೇದ ಇನ್ನೂ ದಪ್ಪವಿದ್ದರೆ ಬೆಣಚು ಹಳದಿಯಾಗಿ ಕಾಣುತ್ತದೆ. ಸವೆಯುತ್ತ ಹೋದಂತೆ ಹಳದಿ ಮಾಸಿ ಬೂದು ಬಿಳುಪಾಗುತ್ತದೆ. ಆಗ ಕೈ ನಿಲ್ಲಿಸಬೇಕು. ಇನ್ನು ನಾಲ್ಕು ಸುತ್ತು ಹೆಚ್ಚು ತಿಕ್ಕಿದರೆ ಕಲ್ಲು ಸ್ಲೈಡಿನಿಂದಲೇ ಮಾಯ. ಅಂದು ಅವರು ಏಳು ಸಲ ತಿಕ್ಕಿ, ಏಳು ಸಲ ತೊಳೆದು, ಏಳು ಸಲ ನೋಡಿದರು. ಎಂಟನೆಯ ಸಲ ನನ್ನನ್ನು ಕರೆದು, “ನೋಡ್ರಿ, ನಿಮ್ಮೂರು” ಎಂದರು.

ಬೂದು, ಬಿಳುಪಿನ ಬೆಣಚಿನ ಕಾಳುಗಳು. ಪಟ್ಟೆಪಟ್ಟೆಯ ಪ್ಲೇಜಿಯೋಕ್ಲೇಸ್ ಫೆಲ್ಡ್‌ಸ್ಪಾರ್. ಲುಂಗಿಯ ಚೌಕುಳಿಯಂತೆ ಅಡ್ಡ ಉದ್ದ ಗೆರೆ ಹೊತ್ತ ಮೈಕ್ರೋಕ್ಲೈನ್. ನಡುನಡುವೆ ಕಂದು ಬಣ್ಣದ ಬಯೊಟೈಟ್ ಅಭ್ರಕ. ಸ್ಲೈಡನ್ನು ತಿರುಗಿಸಿದರೆ ಒಂದು ಬೆಳಗುತ್ತದೆ, ಇನ್ನೊಂದು ಕತ್ತಲಾಗುತ್ತದೆ. ಮೂವತ್ತು ವರ್ಷ ಬಾಯಲ್ಲಿ ಹೇಳಿದ ಮೂರು ಹೆಸರುಗಳು ಅಂದು ಮೊದಲ ಬಾರಿಗೆ ಕಣ್ಣಿಗೆ ಬಿದ್ದವು.

ಎಲ್ಲ ಖನಿಜವೂ ಹೀಗೆ ಬೆಳಕು ಬಿಡುವುದಿಲ್ಲ. ಸಂಡೂರಿನ ಕಬ್ಬಿಣದ ಅದಿರನ್ನು ಎಷ್ಟು ತೆಳುವಾಗಿಸಿದರೂ ಬಹುಪಾಲು ಕಪ್ಪಾಗಿಯೇ ಉಳಿಯುತ್ತದೆ. ಅಂಥವನ್ನು ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ಮೈಕ್ರಾನ್ ಗಾತ್ರದ ಅಲ್ಯೂಮಿನಾ ಅಥವಾ ವಜ್ರದ ಪುಡಿಯಿಂದ ಹೊಳಪು ಕೊಟ್ಟು, ಮೇಲಿನಿಂದ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನಲ್ಲಿ ನೋಡುತ್ತಾರೆ.

ಒಂದು ಅಗುಳು ಸಾಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವೆ. ಅನ್ನದ ಅಗುಳುಗಳೆಲ್ಲ ಒಂದೇ ನೀರಿನಲ್ಲಿ ಬೆಂದವು. ಕಲ್ಲು ಹಾಗಲ್ಲ. ಒಂದು ಅಂಗುಲ ಆಚೆಗೆ ಅದರ ಕಥೆಯೇ ಬೇರೆ. ಹಾಗಾಗಿ ಕಲ್ಲಿನಲ್ಲಿ ಯಾವ ಧಾತು ಎಷ್ಟಿದೆ ಎಂದು ರಾಸಾಯನಿಕವಾಗಿ ಅಳೆಯಲು ಬೇರೆಯೇ ತಯಾರಿ ಬೇಕು.

ಅಳೆಯುವ ಯಂತ್ರಕ್ಕೆ ಬೇಕಾದ್ದು ಗ್ರಾಂ ಲೆಕ್ಕದ ಪುಡಿ. ಆದರೆ ಅದು ರಾಶಿಯ ಪರವಾಗಿ ಸಾಕ್ಷಿ ಹೇಳಬೇಕು. ದವಡೆಯಂಥ ಯಂತ್ರದಲ್ಲಿ ಕಲ್ಲನ್ನು ಮೊದಲು ಜಲ್ಲಿ ಮಾಡುತ್ತಾರೆ. ಜಲ್ಲಿಯನ್ನು ಗೋಪುರದಂತೆ ರಾಶಿ ಹಾಕಿ, ತಲೆ ಒತ್ತಿ ಚಪ್ಪಟೆ ಮಾಡಿ, ರೊಟ್ಟಿಯಂತೆ ನಾಲ್ಕು ಪಾಲು ಮಾಡುತ್ತಾರೆ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ತೆಗೆದಿಡುತ್ತಾರೆ. ಉಳಿದದ್ದನ್ನು ಇನ್ನೂ ನಯವಾಗಿ ಒಡೆದು ಮತ್ತೆ ರಾಶಿ, ಮತ್ತೆ ಪಾಲು. 100 ಕಿಲೋ ಅದಿರನ್ನು ಹೀಗೆ 17 ಬಾರಿ ಅರ್ಧ ಮಾಡಿದರೆ ಒಂದು ಗ್ರಾಂಗಿಂತ ತುಸು ಕಡಿಮೆ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ! ಕೊನೆಗೆ ಆ ಪುಡಿ 200 ಮೆಷ್ ಜರಡಿಯಲ್ಲಿ, ಅಂದರೆ ಸುಮಾರು 75 ಮೈಕ್ರಾನ್ ಸಂದಿಯಲ್ಲಿ, ಪೂರ್ತಿ ಇಳಿಯಬೇಕು. ಇಳಿಯದೆ ನಿಂತ ತರಿಯನ್ನು ಎಸೆಯುವಂತಿಲ್ಲ. ಗಟ್ಟಿ ಖನಿಜಗಳೇ ಕೊನೆಗೆ ಉಳಿಯುವುದು. ಎಸೆದರೆ ಅವುಗಳ ಸಾಕ್ಷ್ಯವನ್ನೇ ಅಳಿಸಿದಂತೆ.

ಇದು ಬರೀ ಪ್ರಯೋಗಾಲಯದ ಮಡಿ ಎಂದು ಯಾರಾದರೂ ಅಂದರೆ ಸಂಡೂರಿನ ಕಡೆ ಕೈ ತೋರಿಸಬಹುದು. ಶುದ್ಧ ಹೆಮಟೈಟಿನಲ್ಲಿ ಶೇಕಡಾ 70ರಷ್ಟು ಕಬ್ಬಿಣವಿರುತ್ತದೆ. ಗಣಿಯ ಅದಿರಿನಲ್ಲಿ ಅದಕ್ಕಿಂತ ಕಡಿಮೆ. ಎಷ್ಟು ಕಡಿಮೆ ಎಂಬುದರ ಮೇಲೆ ಬೆಲೆ. 2009ರಿಂದ ಸರ್ಕಾರಕ್ಕೆ ಸಲ್ಲುವ ರಾಜಧನವೂ ಬೆಲೆಯ ಮೇಲಿನ ಶೇಕಡಾ ಲೆಕ್ಕವೇ: ಮೊದಲು ಶೇಕಡಾ 10, 2014ರಿಂದ 15. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ರಾಶಿ ಬಿದ್ದಿದ್ದ ಅದಿರನ್ನು ಇ-ಹರಾಜಿನಲ್ಲಿ ಮಾರಿಸಿದ್ದು ಓದುಗರಿಗೆ ನೆನಪಿರಬಹುದು. ಗುಡ್ಡದಂಥ ರಾಶಿಯ ದರ್ಜೆಯನ್ನು ಹೇಳುವುದು ಚಮಚದಷ್ಟು ಪುಡಿ. ರಾಶಿಯ ಚೆಂದದ ಬದಿಯಿಂದ ಬುಟ್ಟಿ ತುಂಬಿದರೆ ಒಂದು ಉತ್ತರ, ಮಣ್ಣು ಬದಿಯಿಂದ ತುಂಬಿದರೆ ಇನ್ನೊಂದು. ಯಂತ್ರ ಎರಡನ್ನೂ ಅಷ್ಟೇ ನಿಖರವಾಗಿ ಅಳೆದು ಕೊಡುತ್ತದೆ. ತಪ್ಪು ಯಂತ್ರದ್ದಲ್ಲ, ಬುಟ್ಟಿ ತುಂಬಿದ ಕೈಯದ್ದು.

ಪುಡಿ ಮಾಡುವ ಪಾತ್ರೆಯೂ ಸಾಕ್ಷಿಗೆ ಬಾಯಿಪಾಠ ಹೇಳಿಕೊಡಬಲ್ಲದು! ಉಕ್ಕಿನ ಒರಳಿನಲ್ಲಿ ಕುಟ್ಟಿದರೆ ಕಬ್ಬಿಣ, ಕ್ರೋಮಿಯಂ ಸೇರುತ್ತವೆ. ಟಂಗ್‌ಸ್ಟನ್ ಕಾರ್ಬೈಡಿನದಾದರೆ ಟಂಗ್‌ಸ್ಟನ್, ಕೋಬಾಲ್ಟ್ ಸೇರುತ್ತವೆ. ಅಗೇಟ್ ಕಲ್ಲಿನ ಒರಳಾದರೆ ತುಸು ಸಿಲಿಕಾ ಮಾತ್ರ. ಏನನ್ನು ಅಳೆಯಬೇಕು ಎಂಬುದನ್ನು ನೋಡಿಕೊಂಡು ಒರಳನ್ನು ಆರಿಸಬೇಕು. ಒಂದು ಸ್ಯಾಂಪಲ್ ಮುಗಿದ ಮೇಲೆ ಶುದ್ಧ ಬೆಣಚನ್ನು ಅರೆದು ಚೆಲ್ಲಿ ಒರಳನ್ನು ತೊಳೆದು ಒಣಗಿಸಬೇಕು. ನಾನು ಪುಡಿಗೆ ಕೈ ಚಾಚಿದಾಗ ಸಹಾಯಕರು ತಡೆದು, “ಉಂಗುರ ತೆಗೀರಿ ಮೇಷ್ಟ್ರೇ” ಎಂದರು. ಚಿನ್ನದ ಗಣಿಯ ಅದಿರಿನಲ್ಲಿ ಒಂದು ಟನ್ನಿಗೆ ಕೆಲವೇ ಗ್ರಾಂ ಚಿನ್ನ. ಉಂಗುರದಿಂದ ಕಾಣದಷ್ಟು ಸವೆದು ಬಿದ್ದರೂ ಬರಡು ಕಲ್ಲು ಬಂಗಾರದ ಗಣಿಯಾದೀತು. ಅವರ ಬೆರಳುಗಳನ್ನು ನೋಡಿದೆ, ಬರಿದಾಗಿದ್ದವು. ಮದುವೆಯ ಉಂಗುರವನ್ನು ಕೆಲಸಕ್ಕೆ ಸೇರಿದ ವಾರವೇ ತೆಗೆದು ಮನೆಯಲ್ಲಿಟ್ಟರಂತೆ.

ವಯಸ್ಸು ಹೇಳುವ ಹರಳು

ಹುಡುಗಿಯ ಎರಡನೆಯ ಪ್ರಶ್ನೆ ಬಾಕಿ ಇತ್ತು: ವಯಸ್ಸು. ಅದಕ್ಕೆ ಬೇಕಾದದ್ದು ಜಿರ್ಕಾನ್ ಎಂಬ ಖನಿಜದ ಹರಳು. ಗ್ರಾನೈಟಿನಲ್ಲಿ ಇದು ಅತ್ಯಲ್ಪ. ಗಾತ್ರವೂ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲೊಂದೆರಡು ಭಾಗ. ಹರಳು ಹುಟ್ಟುವಾಗ ಒಳಗೆ ಸೇರಿದ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಎರಡರ ಪ್ರಮಾಣ ಅಳೆದರೆ ಹುಟ್ಟಿದ ಕಾಲ ತಿಳಿಯುತ್ತದೆ.

ಕಿಲೋಗಟ್ಟಲೆ ಕಲ್ಲನ್ನು ಪುಡಿ ಮಾಡಿ, ಜರಡಿ ಹಿಡಿದು, ಹಿಂದೆ ನಮ್ಮ ಜಾಲಗಾರರು ಹಳ್ಳದ ಮರಳಿನಿಂದ ಚಿನ್ನ ಜಾಲಿಸಿದಂತೆ ನೀರಿನಲ್ಲಿ ಜಾಲಿಸುತ್ತಾರೆ. ಅಯಸ್ಕಾಂತದಿಂದ ಕಬ್ಬಿಣದ ಕಾಳುಗಳನ್ನು ಎಳೆದು ತೆಗೆಯುತ್ತಾರೆ. ಆಮೇಲೆ ಭಾರದ ದ್ರವ. ಬ್ರೋಮೊಫಾರ್ಮಿನ ಸಾಂದ್ರತೆ ಸುಮಾರು 2.89. ಬೆಣಚಿನದು 2.65, ಆದ್ದರಿಂದ ಅದು ತೇಲುತ್ತದೆ. ಜಿರ್ಕಾನಿನದು 4.6ರಷ್ಟು, ಅದು ಮುಳುಗುತ್ತದೆ. ಈ ದ್ರವ ವಿಷ. ಗಾಳಿ ಎಳೆಯುವ ಕಪಾಟಿನೊಳಗೇ ಬಳಸಬೇಕು. ತಳದಲ್ಲಿ ಸಿಕ್ಕ ಹರಳುಗಳನ್ನು ಮೈಕ್ರೋಸ್ಕೋಪಿನ ಕೆಳಗೆ ಸೂಜಿಯಿಂದ ಒಂದೊಂದಾಗಿ ಆರಿಸಿ, ಅಂಟಿನ ಬಿಲ್ಲೆಯಲ್ಲಿ ಕೂರಿಸಿ, ಹೊಟ್ಟೆ ಕಾಣುವಷ್ಟು ಸವೆಸಿ ಹೊಳಪು ಕೊಡುತ್ತಾರೆ. ಆಮೇಲಷ್ಟೇ ಅಳತೆ.

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿಂದ ಉತ್ತರಕ್ಕೆ ಹಂಪಿಯ ಕಡೆಗೆ ಹಾಯುವ ಗ್ರಾನೈಟಿನ ಪಟ್ಟಿಗೆ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂದೇ ಹೆಸರು. ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಕಟ್ಟಿದ ನಮ್ಮ ಬಿ.ಪಿ. ರಾಧಾಕೃಷ್ಣ ಈ ಶಿಲೆಯ ಬಗ್ಗೆ ಆಳವಾಗಿ ಅಧ್ಯಯನ ಮಾಡಿದವರು. 1991ರಲ್ಲಿ ಪ್ರಕಟವಾದ ಜಿರ್ಕಾನ್ ಅಳತೆಯ ಪ್ರಕಾರ ಅದರ ವಯಸ್ಸು ಸುಮಾರು 251 ಕೋಟಿ ವರ್ಷ. ಆ ದೊಡ್ಡ ಸಂಖ್ಯೆಯ ಹಿಂದೆ ಯಾರೋ ಒಡೆದ, ಯಾರೋ ಜರಡಿ ಹಿಡಿದ, ಯಾರೋ ಸೂಜಿಯಲ್ಲಿ ಆರಿಸಿದ ಹರಳುಗಳಿವೆ. ಎರಡು ಸ್ಯಾಂಪಲ್ಲಿನ ಚೀಟಿ ಅದಲುಬದಲಾಗಿದ್ದರೆ ಕೋಟಿಗಟ್ಟಲೆ ವರ್ಷಗಳೂ ಅದಲುಬದಲಾಗುತ್ತಿದ್ದವು.

ಹಿರೇಗುಡ್ಡದ ಹಳೆಯ ಪ್ರಯೋಗಾಲಯ

ಊರಿಗೆ ಮರಳುವಾಗ ನನಗೆ ಬಳ್ಳಾರಿ ಸಮೀಪದ ಸಂಗನಕಲ್ಲು ನೆನಪಾಯಿತು. ಅಲ್ಲಿಯ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಮೇಲೆದ್ದ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿ ಇದೆ. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ನವಶಿಲಾಯುಗದ ಜನ ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ನೀರು, ಮರಳು ಹಾಕಿ ತಿಕ್ಕಿ ನಯವಾದ ಕೊಡಲಿ ಮಾಡುತ್ತಿದ್ದರು. ತಿಕ್ಕಿ ತಿಕ್ಕಿ ಸವೆದ ಗುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಈ ತಾಣವನ್ನು ಹೊರಲೋಕಕ್ಕೆ ತಿಳಿಸಿದವರಲ್ಲಿ ಫುಟ್ ಕೂಡ ಒಬ್ಬರು. ಒಡೆ, ತಿದ್ದು, ತರಿಯಿಂದ ತಿಕ್ಕು, ನುಣ್ಣಗೆ ತಿಕ್ಕು, ನೀರು ಬಿಡು. ವಿಶ್ವವಿದ್ಯಾಲಯದ ಆ ಕೊಠಡಿಯಲ್ಲಿ ನಾನು ಕಂಡ ಕ್ರಮವೂ ಇದೇ. ಅವರ ಹೆಸರು ನಮಗೆ ಗೊತ್ತಿಲ್ಲ. ಸ್ಲೈಡು ಮಾಡಿದವರ ಹೆಸರೂ ಸ್ಲೈಡಿನ ಮೇಲೆ ಇರುವುದಿಲ್ಲ.

ಶಾಲೆ ತೆರೆದ ಮೇಲೆ ನಮ್ಮ ಸಾಧಾರಣ ಮೈಕ್ರೋಸ್ಕೋಪಿಗೆ ಒಂದು ಉಪಾಯ ಹೂಡಿದೆವು. ಕೆಟ್ಟ ಕ್ಯಾಲ್ಕುಲೇಟರಿನ ಪರದೆಯಿಂದ ಬಿಡಿಸಿದ ಧ್ರುವೀಕಾರಕ ಹಾಳೆಯ ಎರಡು ತುಂಡು: ಒಂದು ಸ್ಲೈಡಿನ ಕೆಳಗೆ, ಇನ್ನೊಂದು ಕಣ್ಣಿನ ಮಸೂರದ ಮೇಲೆ. ಮೇಲಿನದನ್ನು ತಿರುಗಿಸಿ ಕತ್ತಲಾಗಿಸಿದ ಮೇಲೆ ‘ತಂ–1’ ಇಟ್ಟೆ. ಪ್ರಶ್ನೆ ಕೇಳಿದ ಹುಡುಗಿಯೇ ಮೊದಲು ನೋಡಿದಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸರ್, ನಮ್ಮ ಅಜ್ಜಿ ಹೊಲಿದ ಕೌದಿ ಇದ್ದಂಗೈತಿ” ಎಂದಳು. ವಯಸ್ಸಿನ ಬಗ್ಗೆ, “ಹಂಪಿ ಕಡೆಯ ಬಂಡೆಗೆ 251 ಕೋಟಿ ವರ್ಷ. ನಮ್ಮದರ ವಯಸ್ಸು ತಿಳಿಯಬೇಕಾದರೆ ನಮ್ಮ ಬಂಡೆಯ ಜಿರ್ಕಾನನ್ನೇ ಕೇಳಬೇಕು. ನೆರೆಮನೆಯವರ ವಯಸ್ಸು ನಮ್ಮ ವಯಸ್ಸಲ್ಲ” ಎಂದೆ. ಆ ಉತ್ತರ ಅವಳಿಗೆ ಒಪ್ಪಿಗೆಯಾಯಿತು.

ಬೀರುವಿನ ಹಳೆಯ ಕಲ್ಲುಗಳನ್ನೆಲ್ಲ ಹೊರತೆಗೆದೆವು. ಎಲ್ಲಿಯದೆಂದು ತಂದವರಿಗೇ ನೆನಪಿದ್ದವು ಆರು. ಉಳಿದವು ಈಗ ಶಾಲೆಯ ಹೂದೋಟದ ಪಾತಿಗೆ ಅಂಚಾಗಿವೆ. ಬೀರು ಬಹುಮಟ್ಟಿಗೆ ಖಾಲಿ. ಮಕ್ಕಳು ಕಲ್ಲು ತರುವುದನ್ನು ಬಿಟ್ಟಿಲ್ಲ. ಆದರೆ ಈಗ ಕಲ್ಲಿನ ಜೊತೆ ಒಂದು ಚೀಟಿ ಬರುತ್ತದೆ: ಎಲ್ಲಿಯದು, ಎಷ್ಟು ಆಳದ್ದು, ಬಂಡೆಯದೋ ಬಿದ್ದದ್ದೋ, ಯಾವ ದಿನ, ಯಾರು ತಂದದ್ದು. ಚೀಟಿ ಇಲ್ಲದೆ ಬಂದವರನ್ನು ನಾನು ತಡೆಯಬೇಕಾಗಿಲ್ಲ, ಬಾಗಿಲಲ್ಲೇ ಆ ಹುಡುಗಿ ತಡೆಯುತ್ತಾಳೆ.